ಅವ್ವನ ಹೊಟ್ಟೆನೋವು, ಅಮೆರಿಕದ ಕಾರ್ಯದರ್ಶಿ

ಗೋಕಾಕ
೧೮ ನವೆಂಬರ್ ೨೦೨೪

ಅವ್ವಾ,

ಜೈ ಭೀಮ್. ವಾರದ ಬುತ್ತಿ ಮುಟ್ಟಿತು. ಕಂಡಕ್ಟರ್ ಲಖನ ಮಾಮಾ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು, "ಏ ಕಾಲೇಜ್ ಬಾಯಿ, ನಿಮ್ಮವ್ವ ರೊಟ್ಟಿ ಕಳಸ್ಯಾಳೋ ಕಲ್ಲ ಕಳಸ್ಯಾಳೋ, ನನ್ನ ಹೆಗಲ ಹೋತು ನೋಡು" ಎಂದು ಕೂಗಿದರು. ನನ್ನ ಕ್ಲಾಸಿನ ಹುಡುಗರು ಅಲ್ಲೇ ಇದ್ದರು. ನೆಲ ಬಿರಿದರೆ ಒಳಗೆ ಹೋಗೋಣ ಅನ್ನಿಸಿತು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಇಲ್ಲಿ ಫಸ್ಟ್ ಇಯರಿನವರ ಫೋನೆಲ್ಲ ವಾರ್ಡನ್ ಮೇಡಂ ಕಪಾಟಿನಲ್ಲಿರುತ್ತವೆ. ಅವರ ಫೋನಿನಿಂದ ಮಾಡಿದರೂ ನಿನ್ನದು ಸ್ಪೀಕರ್ ಹಾಕಿದರೆ ಮಾತ್ರ ಕೇಳಿಸುತ್ತದೆ. ನಾನು "ಅವ್ವಾ" ಎಂದ ಕೂಡಲೇ ನಿಮ್ಮ ಸಂಘದ ಶಾಲೆ ಬಿಸಿಯೂಟದ ಅಡುಗೆಯವರೆಲ್ಲ ಸೇರಿ "ಊಟಾ ಆತೇನವಾ?" ಅನ್ನುತ್ತಾರೆ. ಅವರ ಮುಂದೆ ನಾನೇನು ಹೇಳಲಿ, ನೀನೇನು ಹೇಳುತ್ತೀ? ಅದಕ್ಕೇ ಖಾಲಿ ಡಬ್ಬಿಯ ಜೊತೆ ಈ ಕಾಗದ. ನೀನೂ ಬುತ್ತಿ ಗಂಟಿನಲ್ಲಿಟ್ಟು ಬರೆ. ಅಕ್ಷರ ಹೇಗಿದ್ದರೂ ನಾನು ಓದುತ್ತೇನೆ.

ನನಗೆ ಈಗ ಭಾರಿ ಟೆನ್ಷನ್. ಹಿಸ್ಟರಿಯ ಗಜಾನನ ಸರ್ ಸೆಮಿನಾರ್ ಇಟ್ಟಿದ್ದಾರೆ. ಚೀಟಿ ಎತ್ತಿಸಿದರು. ಬೇರೆಯವರಿಗೆಲ್ಲ ಗೊತ್ತಿರುವ ಹೆಸರು ಬಂದವು. ನನಗೆ ಬಂದವನು ಚಾರ್ಲ್ಸ್ ಎಮಿಲ್ ರೂಥನ್‌ಬರ್ಗ್. ಅಮೆರಿಕದ ಕಮ್ಯುನಿಸ್ಟ್ ಪಾರ್ಟಿ ಹುಟ್ಟಿದ ಕಾಲದ ಕಾರ್ಯದರ್ಶಿಯಂತೆ. ಅಮೆರಿಕದಲ್ಲೂ ಕಮ್ಯುನಿಸ್ಟರು ಇದ್ದರಾ ಎಂದು ಕೇಳಿಬಿಟ್ಟೆ, ಇಡೀ ಕ್ಲಾಸ್ ನಕ್ಕಿತು. ಪುಸ್ತಕವೆಲ್ಲ ಇಂಗ್ಲಿಷು. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಓದಿದ್ದೇನೆ, ಅರ್ಧ ಇಂಗ್ಲಿಷ್ ಬರುತ್ತದೆ. ಉಳಿದರ್ಧದಲ್ಲೇ ಅವನ ಜೀವನ ಇದೆ ಅಂತ ಕಾಣುತ್ತದೆ.

ಇನ್ನೊಂದು ಮಾತು. ದೀಪಾವಳಿಗೆ ಬಂದಾಗ ನೀನು ಕೊಡ ಇಳಿಸಿ ಹೊಟ್ಟೆಯ ಬಲಭಾಗ ಹಿಡಿದುಕೊಂಡು ನಿಂತಿದ್ದೆ. ನಾನು ನೋಡಿದ ಕೂಡಲೇ ಕೈ ತೆಗೆದೆ. ಏನದು?

ನಿನ್ನ ಮಗಳು
ಆಮ್ರಪಾಲಿ

*

ಹುಕ್ಕೇರಿ
ನವೆಂಬರ ೨೭

ಮಗಳ ಆಮ್ರಾಗ ಅವ್ವ ಉದ್ದವ್ವನ ಜೈ ಭೀಮ.

ನಿನ್ನ ಕಾಗದ ಓದಾಕ ಎರಡ ದಿನಾ ಹತ್ತಿತು. ದೊಡ್ಡವರ ರಾತ್ರಿ ಸಾಲಿಯೊಳಗ ಕಲತ ಅಕ್ಷರ, ಜೋರ ಬರೂದಿಲ್ಲ. ಸಂಘದ ಮೀಟಿಂಗಿಗೆ ಹುಕ್ಕೇರಿಗೆ ಬಂದೇನಿ, ಬಸ್ ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕುಂತು ಬರಿಯಾಕತ್ತೇನಿ. ಬಾಜೂಕ ಹನಮವ್ವಕ್ಕ ಕುಂತಾಳ. "ಏನ ಬರಿಯಾಕತ್ತಿ, ತಹಶೀಲದಾರಗ ಅರ್ಜಿ ಏನ" ಅಂದ್ಲು. ಹೂಂ ಅಂದ್ನಿ.

ನಿನ್ನ ಅಮೆರಿಕಾದಾಂವ ಛಲೋ ಮನಷ್ಯಾ ಇರಬೇಕು, ನಮ್ಮಂಗ ಸಂಘದ ಕೆಲಸ ಮಾಡಿದಾಂವ. ಒಂದ ಕೇಳಿ ತಿಳಕೊ. ಅವರ ಮೀಟಿಂಗಿನಾಗ ಅಡಗಿ ಯಾರ ಮಾಡತಿದ್ರು? ಅಷ್ಟ ಮಂದಿ ಕೂಡಿದ್ರ ಯಾರರೆ ಒಲಿ ಮುಂದ ಕುಂದರಲೇಬೇಕಲ್ಲ.

ಹೊಟ್ಟೀದ ಏನಿಲ್ಲ. ಬಟ್ಟಿ ಸರದೈತಿ. ಸಾಲ್ಯಾಗ ಅನ್ನದ ಡಬರಿ ಇಳಿಸಿ ಇಳಿಸಿ ನಮ್ಮ ಮಂದಿಗೆಲ್ಲ ಹೊಕ್ಕಳದ ಬಟ್ಟಿ ಸರೀತೈತಿ. ಎಣ್ಣಿ ಹಚ್ಚಿ ತಿಕ್ಕಿಸಿಕೊಂಡ್ರ ಕೂಡತೈತಿ. ಹನಮವ್ವಕ್ಕನ ಬಟ್ಟಿ ಎಷ್ಟ ಸರತಿ ಸರದೈತೋ ಆಕಿಗೇ ಗೊತ್ತಿಲ್ಲ. ಅರವತ್ತು ದಾಟಿದ್ರೂ ಇನ್ನೂ ಗಟ್ಟಿ ಅದಾಳ.

ನೀ ಟೆನಶನ ಮಾಡಕೋಬ್ಯಾಡ. ಶೇಂಗಾ ಹಿಂಡಿ ಗೆಳತ್ಯಾರಿಗೂ ಕೊಡು, ಒಬ್ಬಾಕಿ ತಿನ್ನಬ್ಯಾಡ.

ಅವ್ವ ಉದ್ದವ್ವ

*

ಗೋಕಾಕ
೧೫ ಡಿಸೆಂಬರ್ ೨೦೨೪

ಅವ್ವಾ,

ನಿನ್ನ ಪ್ರಶ್ನೆಯನ್ನು ಗಜಾನನ ಸರ್‌ಗೆ ಕೇಳಿದೆ. "ಅದು ಸಿಲೆಬಸ್‌ನಲ್ಲಿ ಬರಲ್ಲಮ್ಮಾ" ಎಂದರು. ನಾನೂ ಹುಡುಕಿದೆ. ಯಾವ ಊರಿನಲ್ಲಿ ಯಾವ ಸಮ್ಮೇಳನ, ಯಾರು ಯಾರ ಜೊತೆ ಜಗಳ ಆಡಿ ಪಾರ್ಟಿ ಒಡೆದರು, ಎಲ್ಲ ಇದೆ. ಅಡುಗೆಯವರ ಸುದ್ದಿ ಇಲ್ಲ.

ಅವನ ಕಥೆ ಹೇಳುತ್ತೇನೆ ಕೇಳು. ಕ್ಲೀವ್‌ಲ್ಯಾಂಡ್ ಎಂಬ ಊರು. ಜರ್ಮನಿಯಿಂದ ಬಂದ ಮನೆತನ. ಅಪ್ಪ ಬಂದರಿನಲ್ಲಿ ಹಡಗಿನ ಸಾಮಾನು ಇಳಿಸುವ ಹಮಾಲ. ಇವನು ಲೆಕ್ಕ ಬರೆಯುವ ಕೆಲಸಕ್ಕಿದ್ದವನು, ಸೋಷಿಯಲಿಸ್ಟ್ ಪಾರ್ಟಿ ಸೇರಿದ. ಮೇಯರ್ ಎಲೆಕ್ಷನ್ನಿಗೆ ನಿಂತ, ಸೋತ; ಮತ್ತೆ ನಿಂತ, ಮತ್ತೆ ಸೋತ. ದೊಡ್ಡ ಯುದ್ಧ ಬಂದಾಗ ಬಡವರ ಮಕ್ಕಳು ಯಾಕೆ ಸಾಯಬೇಕು ಎಂದು ಭಾಷಣ ಮಾಡಿದ್ದಕ್ಕೆ ಜೈಲಿಗೆ ಹಾಕಿದರು. ಹೊರಗೆ ಬಂದು ಕಮ್ಯುನಿಸ್ಟ್ ಪಾರ್ಟಿ ಕಟ್ಟಿದ. ಮತ್ತೆ ಜೈಲು. ಇನ್ನೊಂದು ಕೇಸು ಕೋರ್ಟಿನಲ್ಲಿ ಇರುವಾಗಲೇ ಸತ್ತುಹೋದ.

ಹೇಗೆ ಸತ್ತ ಗೊತ್ತಾ? ಪೊಲೀಸರು ಹೊಡೆದಲ್ಲ, ಜೈಲಿನಲ್ಲಲ್ಲ. ಹೊಟ್ಟೆನೋವಿನಿಂದ. ಅಪೆಂಡಿಕ್ಸ್ ಅಂತ ಹೊಟ್ಟೆಯ ಬಲಭಾಗದಲ್ಲಿ ಕಿರುಬೆರಳಿನಷ್ಟು ಒಂದು ಕರುಳ ತುಂಡು ಇರುತ್ತದೆ, ಅದು ಕೀವಾಗಿ, ಆ ವಿಷ ಒಳಗೆಲ್ಲ ಹರಡಿ. ೧೯೨೭ರ ಮಾರ್ಚ್ ತಿಂಗಳು, ಚಿಕಾಗೋದಲ್ಲಿ. ವಯಸ್ಸು ನಲವತ್ನಾಲ್ಕು. ನಿನಗೂ ಹೆಚ್ಚುಕಡಿಮೆ ಅಷ್ಟೇ ಆಗಿರಬೇಕು.

ಆ ಪುಟ ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ನಮ್ಮ ರೂಮಿನ ಪದ್ಮಶ್ರೀ ನರ್ಸಿಂಗ್ ಓದುತ್ತಾಳೆ. ಅವಳಿಗೆ ನಿನ್ನ ಹೆಸರು ಹೇಳದೆ ಕೇಳಿದೆ. ನೋವು ಬಂದು ಹೋಗಿ ಮಾಡುತ್ತದಾ, ನಡೆಯುವಾಗ ಹೆಚ್ಚಾಗುತ್ತದಾ, ವಾಕರಿಕೆ ಇದೆಯಾ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಹಿಂದಿನ ಭಾನುವಾರ ಫೋನಿನಲ್ಲಿ ಕೇಳಿದರೆ ನೀನು "ನಾ ಗುಂಡಕಲ್ಲ ಇದ್ದಂಗ ಅದೇನಿ" ಎಂದೆ, ಹಿಂದೆ ಎಲ್ಲರೂ ನಕ್ಕರು. ಅದು ಅವರಿಗೆ ಹೇಳಿದ್ದು. ನನಗೆ ಹೇಳು. ಮತ್ತೆ ಒಂದು ಸಲ ದವಾಖಾನೆಗೆ ಹೋಗಿ ತೋರಿಸು. ಬಟ್ಟಿ ಅಂದರೆ ಬಟ್ಟಿ ಅಂತ ಡಾಕ್ಟರೇ ಹೇಳಲಿ.

ಆಮ್ರಪಾಲಿ

*

ಹುಕ್ಕೇರಿ
ಜನವರಿ ೨

ಆಮ್ರಾ,

ಧರಣಿ ಚಾಲೂ ಆಗೈತಿ. ತಾಲೂಕ ಕಚೇರಿ ಮುಂದ ಪೆಂಡಾಲ ಹಾಕೇವಿ. ಅರವತ್ತು ದಾಟಿದ ಅಡಗಿಯವರನ್ನ ಬರಿಗೈಲೆ ಮನಿಗೆ ಕಳಸಬಾರದು, ಇದೊಂದ ಮಾತು. ಹನಮವ್ವಕ್ಕನ ಹೆಸರೂ ಅದರಾಗ ಐತಿ. ರೊಟ್ಟಿ ಈ ವಾರ ಆಕಿ ಬಡದದ್ದು, ದಪ್ಪ ಅದಾವು, ಬೈಬ್ಯಾಡ.

ನೀ ಖರೆ ಹೇಳು ಅಂದಿ. ಹೇಳತೇನಿ. ನೋವು ಬರತೈತಿ, ಹೊಕ್ಕೈತಿ. ನಡದ್ರ ಜಾಸ್ತಿ. ಒಂದೆರಡ ಸರತಿ ವಾಂತಿ ಆತು. ಪೆಂಡಾಲ ಹಿಂದ ಹೋಗಿ ಮಾಡಿ ಬಂದೇನಿ. ಯಾರಿಗೂ ಗೊತ್ತಿಲ್ಲ, ಹನಮವ್ವಕ್ಕಗೂ ಇಲ್ಲ. ನೀನೂ ಯಾರಿಗೂ ಹೇಳಬ್ಯಾಡ. ನನ್ನ ಆಣಿ ಐತಿ.

ದವಾಖಾನಿಗೆ ಯಾಕ ಹೋಗೂದಿಲ್ಲ ಅಂದ್ರ ಕೇಳು. ಅಡಗಿಯಾಕಿ ಹೊಟ್ಟಿ ನೋವು ಅಂತ ಚೀಟಿ ಬರಸಿದ್ರ ಮೊದಲ ಕೇಳೂದು ಏನ ತಿಂದಿ ಅಂತ. ಹುಡುಗೂರ ಉಣ್ಣೂಕಿಂತ ಮೊದಲ ನಾವ ರುಚಿ ನೋಡೂದು ರೂಲ ಐತಿ. ನಮಗ ನೋವು ಅಂದ್ರ ಸಾಲಿ ಅಡಗಿ ಕೆಟ್ಟೈತಿ ಅಂತಾರ. ಊರ ತುಂಬ ಸುದ್ದಿ. ಧರಣಿ ಕುಂತಾಗ ಇದೊಂದ ಬೇಕಾಗೈತೇನ? ಇವರ ಅಡಗೀನ ಛಲೋ ಇಲ್ಲ, ಇವರಿಗ್ಯಾಕ ನೌಕರಿ ಅಂತಾರ.

ಮತ್ತೊಂದ ಐತಿ. ನೀ ಸಣ್ಣಾಕಿ ಇದ್ದಿ, ನಿಮ್ಮಪ್ಪ ಸತ್ತ ವರ್ಷ. ನನಗ ಸಾಲ್ಯಾಗ ಅಡಗಿ ಕೆಲಸ ಸಿಕ್ಕಿತು. ಒಲಿ ಮುಟ್ಟಗೊಡಲಿಲ್ಲ. ಮುಸರಿ ತಿಕ್ಕು ಅಂದ್ರು. ಆವಾಗ ಹನಮವ್ವಕ್ಕ ಹುಟ್ಟು ನನ್ನ ಕೈಯಾಗ ಕೊಟ್ಟು "ತಿರುವು, ಯಾರ ಏನ ಅಂತಾರ ನೋಡೂನು" ಅಂದ್ಲು. ಈಗ ಅದ ಮಂದಿ ನನ್ನ ಸೆಕ್ರೆಟರಿ ಮಾಡಿ ನನ್ನ ಹಿಂದ ಕುಂತಾರ. ನಾ ಎದ್ದ ಹೋದ್ರ ಉದ್ದವ್ವ ಸಾಹೇಬರ ಜೋಡಿ ಹೊಂದಿಕೊಂಡಾಳ ಅಂತಾರ. ನಾ ಹ್ಯಾಂಗ ಏಳಲಿ?

ನಿನ್ನ ಅಮೆರಿಕಾದಾಂವ ತನ್ನ ನೋವು ಯಾರಿಗರೆ ಹೇಳಿದ್ನೇನು? ಅದನ್ನೂ ನೋಡು. ನನಗರೆ ನೀ ಅದಿ.

ಅವ್ವ

*

ಗೋಕಾಕ
೧೨ ಜನವರಿ ೨೦೨೫

ಅವ್ವಾ,

ನಿನ್ನ ಕಾಗದ ಓದಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ನಿನ್ನ ಆಣೆಯನ್ನು ಹೊತ್ತುಕೊಂಡು ಓಡಾಡುತ್ತಿದ್ದೇನೆ. ಬಾಯಿ ತೆರೆದರೆ ಹೊರಗೆ ಬೀಳುತ್ತದೆ ಅನ್ನುವ ಹಾಗೆ.

ಅವನು ಯಾರಿಗೆ ಹೇಳಿದ್ದ ಎಂದು ನನಗೆ ಸಿಕ್ಕ ಪುಸ್ತಕದಲ್ಲಿಲ್ಲ. ಕಾಯಿಲೆ ಬಿದ್ದ, ಆಪರೇಷನ್, ಸತ್ತ. ಮೂರು ಸಾಲು. ಬೂದಿಯನ್ನು ಮಾಸ್ಕೋಗೆ ಒಯ್ದು ಕೋಟೆಯ ಗೋಡೆಯಲ್ಲಿಟ್ಟ ಬಗ್ಗೆ ಮಾತ್ರ ಪುಟಗಟ್ಟಲೆ ಇದೆ. ಅವನಿಗೊಬ್ಬ ಮಗನಿದ್ದ ಅವ್ವಾ. ಮಗನ ಬಗ್ಗೆಯೂ ಹೆಚ್ಚೇನಿಲ್ಲ.

ಸೆಮಿನಾರ್ ನಿನ್ನೆ ಮುಗಿಯಿತು. ಎಲೆಕ್ಷನ್, ಯುದ್ಧ, ಜೈಲು ಎಲ್ಲ ಗಡಗಡ ಹೇಳಿದೆ. ಸಾವಿನ ಭಾಗಕ್ಕೆ ಬಂದಾಗ ಕಣ್ಣು ಒರೆಸಿಕೊಳ್ಳಲು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಹಿಂದಿನ ಬೆಂಚಿನವನು "ಯಾಕವಾ, ನಿಮ್ಮ ಕಾಕಾ ಆಗಬೇಕೇನ?" ಅಂದ. ಎಲ್ಲರೂ ನಕ್ಕರು. ಗಜಾನನ ಸರ್, "ಇಮೋಷನಲ್ ಆಗಬೇಡಮ್ಮಾ, ಕನ್‌ಕ್ಲೂಷನ್ ಹೇಳು" ಎಂದರು. ಥ್ಯಾಂಕ್ಯೂ ಎಂದು ಕೂತೆ.

ಮೊನ್ನೆ ವಾರ್ಡನ್ ಫೋನಿನಿಂದ ಮಾಡಿದಾಗ ನಿನ್ನ ಫೋನು ಹನಮವ್ವಜ್ಜಿ ಎತ್ತಿದಳು, ನೀನು ಭಾಷಣ ಮಾಡುತ್ತಿದ್ದೆ. "ನಿಮ್ಮವ್ವ ಹುಲಿ ಅದಾಳ ಹುಲಿ, ಆಕೀ ದನಿ ಕೇಳು" ಎಂದು ಫೋನನ್ನು ನಿನ್ನ ಕಡೆ ಹಿಡಿದಳು. ನಿನ್ನ ದನಿ ಕೇಳಿತು. ನಡುನಡುವೆ ನೀನು ನಿಲ್ಲಿಸುತ್ತಿದ್ದೆ. ಅವರು ಚಪ್ಪಾಳೆಗಾಗಿ ನಿಲ್ಲಿಸುತ್ತೀ ಅಂದುಕೊಂಡು ಚಪ್ಪಾಳೆ ಹೊಡೆಯುತ್ತಿದ್ದರು. ಯಾಕೆ ನಿಲ್ಲಿಸುತ್ತೀ ಅಂತ ನನಗೊಬ್ಬಳಿಗೇ ಗೊತ್ತು. "ಅಜ್ಜೀ, ಅವ್ವನ್ನ..." ಎಂದೆ. "ಏನವಾ?" ಎಂದಳು. ಏನಿಲ್ಲ ಅಂದೆ. ಅಷ್ಟೇ ನನ್ನ ಕೈಲಾದದ್ದು.

ನಿನ್ನ ಮಾತು ನನಗೆ ಅರ್ಥವಾಗುತ್ತದೆ. ಅರ್ಥವಾಗುವುದೇ ತೊಂದರೆ. ತಪ್ಪು ಹೇಳಿದ್ದರೆ ನಾನು ವಾದ ಮಾಡುತ್ತಿದ್ದೆ. ಹುಕ್ಕೇರಿ ಬೇಡ, ಬೇರೆ ಊರಿನ ಡಾಕ್ಟರಿಗೆ ತೋರಿಸೋಣ. ಗೋಕಾಕಿಗೆ ಬಾ. ಇಲ್ಲಿ ನೀನು ಅಡುಗೆಯವಳು ಅಂತ ಯಾರಿಗೂ ಗೊತ್ತಿಲ್ಲ. ಮಗಳನ್ನು ನೋಡಿಕೊಂಡು ಬರುತ್ತೇನೆ ಅಂತ ಹೇಳಿ ಬಾ, ಅರ್ಧ ದಿನ ಸಾಕು. ಪದ್ಮಶ್ರೀಯೂ ಜೊತೆಗೆ ಬರುತ್ತಾಳೆ. ಕೈ ಮುಗಿಯುತ್ತೇನೆ.

ಆಮ್ರಪಾಲಿ

*

ಹುಕ್ಕೇರಿ
ಜನವರಿ ೨೧, ಸಂಜೀಕ

ಆಮ್ರಾ, ನನ್ನ ಬಂಗಾರಾ,

ನೋವು ಹೋತು! ಖರೇನ ಹೋತು!

ನಿನ್ನೆ ರಾತ್ರಿ ಭಾಳ ಆಗಿತ್ತು. ಕಾಲ ಚಾಚಾಕ ಬರವಲ್ದಾತು. ಹನಮವ್ವಕ್ಕ ನೋಡಿಬಿಟ್ಲು. "ಹುಚ್ಚಿ, ಇಷ್ಟ ದಿನಾ ಬಟ್ಟಿ ಇಟಗೊಂಡ ಕುಂತಿಯೇನ" ಅಂತ ಬೈದ್ಲು. ಮೂಡಲಗಿಯೊಳಗ ಒಬ್ಬಾಕಿ ಮುದುಕಿ ಅದಾಳ, ಬಟ್ಟಿ ತಿಕ್ಕೂದ್ರಾಗ ಆಕೀ ಕೈ ಹಿಡಿಯವ್ರಿಲ್ಲ. ಮುಂಜಾನೆ ಮೊದಲನೇ ಬಸ್ಸಿಗೆ ಇಬ್ರೂ ಹೋದ್ವಿ. ಮಧ್ಯಾಹ್ನದಾಗ ಪೆಂಡಾಲಿಗೆ ವಾಪಸ. ಎಲ್ಲೆ ಹೋಗಿದ್ರಿ ಅಂದ್ರ ಮೂಡಲಗಿ ಅಡಗಿಯವರನ್ನ ಕರ್ಯಾಕ ಹೋಗಿದ್ವಿ ಅಂದ್ವಿ.

ಮುದುಕಿ ಔಡಲ ಎಣ್ಣಿ ಬಿಸಿ ಮಾಡಿ ಹಚ್ಚಿ ತಿಕ್ಕಿದ್ಲು. ಏನ ತಿಕ್ಕಿದ್ಲಪಾ! ಜೀವ ಬಾಯಾಗ ಬಂದಿತ್ತು, ಹನಮವ್ವಕ್ಕನ ಕೈ ಕಡದೇನಿ. ಒಮ್ಮಿಗಲೆ ಒಳಗ ಏನೋ ಸಡಲಿದಂಗಾತು, ನೋವು ಬಿಟ್ಟಿತು. ಮುದುಕಿ "ಕುಂತಿತು ನೋಡು" ಅಂದ್ಲು. ಬಸ್ಸಿನ್ಯಾಗ ನಿದ್ದಿ ಬಂತು. ಭಾಳ ದಿನದ ಮ್ಯಾಲ ಖರೆ ನಿದ್ದಿ.

ಒಂದ ಮಾತಿಗೆ ಸಿಟ್ಟ ಆಗಬ್ಯಾಡ. ಹೋಗುವಾಗ ಬರುವಾಗ ಗೋಕಾಕ ದಾಟಿದ್ವಿ. ನಿಮ್ಮ ಹಾಸ್ಟೆಲಿನ ಗೋಡಿ ಬಸ್ಸಿನ ಕಿಡಕ್ಯಾಗ ಕಂಡಿತು. ಮ್ಯಾಲ ಒಣಾ ಹಾಕಿದ ಅರಿವಿ ಒಳಗ ನಿನ್ನ ಹಸರ ಚೂಡಿದಾರ ಇತ್ತು. ಇಳೀಲಿಲ್ಲ. ಇಳದಿದ್ರ ನೀ ಡಾಕ್ಟರ ಕಡೆ ಒಯ್ತಿದ್ದಿ, ನಿನ್ನ ಮಾತ ಮೀರಾಕ ನನಗ ಆಗತಿರಲಿಲ್ಲ.

ನಾಳೆ ರಸ್ತಾ ರೋಕೋ. ಸಾಹೇಬರು ಬಂದು ಬರದು ಕೊಡೂತನಕ ಏಳೂದಿಲ್ಲ. ಮೈ ಸ್ವಲ್ಪ ಬಿಸಿ ಐತಿ, ತಿಕ್ಕಿದ್ದಕ್ಕ ಇರಬೇಕು. ಇದನ್ನ ಲಖನನ ಕೈಯಾಗ ಈಗ ಕೊಡತೇನಿ, ನಿನಗ ಮುಂಜಾನೆ ಮುಟ್ಟತೈತಿ. ಇನ್ನ ಅಮೆರಿಕಾದಾಂವನ ಚಿಂತಿ ಬಿಡು, ಅಭ್ಯಾಸ ಮಾಡು.

ನಿನ್ನ ಅವ್ವ

*

ಹುಕ್ಕೇರಿ ಸರ್ಕಲ್
೨೨ ಜನವರಿ ೨೦೨೫

ಅವ್ವಾ,

ಇದನ್ನು ನೀನು ಕೂತಿದ್ದ ಜಾಗದಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಬೇರೆ ಕೆಲಸವಿಲ್ಲ. ಸುಮ್ಮನೆ ಕೂತರೆ ಕಿರುಚಿಬಿಡುತ್ತೇನೆ ಅನ್ನಿಸುತ್ತಿದೆ.

ಬೆಳಿಗ್ಗೆ ಲಖನ ಮಾಮಾ ಕಾಗದ ಕೊಟ್ಟು "ನಿಮ್ಮವ್ವ ನಿನ್ನೆ ಭಾಳ ಖುಷಿ ಇದ್ಲು" ಎಂದರು. ಅಲ್ಲೇ ಓದಿದೆ. ಅರೆಕ್ಷಣ ನನಗೂ ಖುಷಿಯಾಯಿತು. ರೂಮಿಗೆ ಓಡಿ ಪದ್ಮಶ್ರೀಗೆ ಓದಿ ಹೇಳಿದೆ. ನಿನ್ನ ಆಣೆ ಮುರಿದೆ, ಹೆಸರು ಹೇಳಿಯೇ ಓದಿದೆ. ಅವಳು ನಗಲಿಲ್ಲ. "ಒಮ್ಮೆಲೇ ನೋವು ಹೋಯಿತಾ? ಮೈ ಬಿಸಿ ಇದೆಯಾ?" ಎಂದು ಎರಡೆರಡು ಸಲ ಕೇಳಿದಳು. "ಆಮ್ರಾ, ಒಳಗೆ ಒಡೆದಾಗ ನೋವು ಸ್ವಲ್ಪ ಹೊತ್ತು ಹೋಗುತ್ತದೆ. ಆಮೇಲೆ ಮೊದಲಿಗಿಂತ ಜೋರಾಗಿ ಬರುತ್ತದೆ. ಈಗಲೇ ಹೋಗು" ಎಂದಳು.

ವಾರ್ಡನ್ ಮೇಡಂ ಫೋನಿನಿಂದ ಮಾಡಿದೆ. ಸ್ಪೀಕರಿನಲ್ಲಿ ಘೋಷಣೆ, ಹಲಗೆ ಬಡಿತ, ನಗು. "ಅವ್ವನ್ನ ದವಾಖಾನೆಗೆ ಕರಕೊಂಡು ಹೋಗ್ರಿ" ಎಂದು ಕೂಗಿದೆ. ಯಾರೋ "ಏನಂತ? ಕೇಳವಲ್ದು, ಜಿಂದಾಬಾದ್ ಅನ್ನಾಕತ್ತಾಳೇನ?" ಎಂದರು. "ಜಿಂದಾಬಾದ್!" ಎಂದರು ಎಲ್ಲರೂ. ಫೋನು ಕಟ್ಟಾಯಿತು.

ಬಸ್ಸು ಹುಕ್ಕೇರಿ ಕಾಣುವಷ್ಟು ಹತ್ತಿರ ಬಂದು ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಟೆಂಪೊ, ಬಸ್ಸು, ಸಾಲುಸಾಲು. "ಅಡಗಿ ಬಾಯಂದ್ರು ಕುಂತಾರ, ಇವತ್ತ ಮುಗೀತು ಕಥಿ" ಎಂದು ಡ್ರೈವರ್ ಬೀಡಿ ಹಚ್ಚಿದರು. ಪಕ್ಕದ ಸೀಟಿನ ಹೆಂಗಸು ಬೈಯುತ್ತಿದ್ದಳು, "ಇವರ ಅವ್ವನ, ಮನ್ಯಾಗ ಒಲಿ ಹಚ್ಚೂದು ಬಿಟ್ಟು ರಸ್ತೇದಾಗ." ನಾನು ಇಳಿದು ಓಡಿದೆ. ಟ್ರ್ಯಾಕ್ಟರುಗಳ ಸಂದಿಯಲ್ಲಿ ಕಬ್ಬಿನ ಗರಿಗೆ ಮುಖ ಕೊಯ್ದುಕೊಂಡು ಓಡಿದೆ.

ನಾನು ಬಂದಾಗ ನೀನಿರಲಿಲ್ಲ.

ಭಾಷಣ ಮಾಡುತ್ತ ಒಮ್ಮೆಲೇ ಕುಸಿದೆಯಂತೆ. ಹೊಟ್ಟೆ ಹಲಗೆಯಂತೆ ಬಿಗಿದಿತ್ತಂತೆ. ಆಂಬ್ಯುಲೆನ್ಸ್ ಬಂತು, ಇವರು ಎದ್ದು ದಾರಿ ಬಿಟ್ಟರು, ಹನಮವ್ವಜ್ಜಿ ಹತ್ತಿದಳು, ಬೆಳಗಾವಿಗೆ ಒಯ್ದರು. ಇವರು ಮತ್ತೆ ಕೂತರು. ಈಗ ಹನಮವ್ವಜ್ಜಿಯ ಫೋನು ಹತ್ತುತ್ತಿಲ್ಲ. ನಿನ್ನ ಫೋನು ಇಲ್ಲೇ ಇದೆ, ನನ್ನ ತೊಡೆಯ ಮೇಲೆ.

ನನ್ನನ್ನು ಕಂಡ ಕೂಡಲೇ ಎಲ್ಲರೂ ಅತ್ತರು. ಒಬ್ಬಳು ನೀರು ಕುಡಿಸಿದಳು, ಒಬ್ಬಳು ಮುಖದ ರಕ್ತ ಒರೆಸಿದಳು, ನಡುವೆ ನಿನ್ನ ಜಾಗ ಮಾಡಿಕೊಟ್ಟು ಕೂರಿಸಿದರು. ನಾನು ಕೂರಲು ಬಂದಿದ್ದೆನಾ? ಬೆಳಗಾವಿಗೆ ಹೋಗಬೇಕು ಎಂದೆ. ಮಹಾಂತೇಶ ಎಂಬವರು, ಇಲ್ಲಿಯ ಒಬ್ಬ ಅಕ್ಕನ ಗಂಡ, ಬೈಕ್ ತರುತ್ತೇನೆಂದು ಹೋದರು. ಇನ್ನೂ ಬಂದಿಲ್ಲ. ಬಸ್ಸುಗಳು ಕಾಣುವ ದೂರದಲ್ಲೇ ನಿಂತಿವೆ, ಈ ಕಡೆಯವೂ ಆ ಕಡೆಯವೂ.

ದಾರಿ ಬಿಡಿ ಎಂದು ಒಬ್ಬೊಬ್ಬರಿಗೂ ಕೈ ಮುಗಿದೆ. ವಿಜಯಲಕ್ಷ್ಮಿ ಅಂತ ಒಬ್ಬರು, ಕಣಗಲಾ ಕಡೆಯವರು, ನನ್ನ ಗದ್ದ ಹಿಡಿದು ಅಳುತ್ತಲೇ ಹೇಳಿದರು: "ನಮಗೂ ಕರಳ ಕಿತ್ತ ಬರತೈತಿ ನನ ಮಗಳ. ಆದ್ರ ಗಾಡಿ ಹತ್ತುವಾಗ ನಿಮ್ಮವ್ವ ಒಂದ ಮಾತ ಹೇಳಿ ಹೋಗ್ಯಾಳ. ಹ್ಯಾಂಗ ಮೀರೂದು?"

ಯಾರೂ ಏಳಬೇಡಿ ಅಂದೆಯಂತೆ.

ಆಮ್ರಪಾಲಿ